ಅಜ್ಜ ಮಹಾರಾಜರ ಪ್ರಜೆ, ಅಜ್ಜಿ ಬ್ರಿಟಿಷರ ಪ್ರಜೆ

“ನಿಮ್ಮ ನೇಟಿವ್ ಯಾವುದು?”

ಬೆಂಗಳೂರಿನ ಆಫೀಸುಗಳಲ್ಲಿ ಹೊಸಬರು ಪರಿಚಯವಾದಾಗ ಹೆಸರು ಕೇಳಿದ ಮೇಲೆ ಬರೋ ಪ್ರಶ್ನೆ ಇದು. ನಾನು ತಳಕು ಅಂತೀನಿ. ಎದುರಿನವರ ಮುಖದಲ್ಲಿ ಏನೂ ಕಾಣದಿದ್ದರೆ ಚಳ್ಳಕೆರೆ ಅಂತೀನಿ, ಅದಕ್ಕೂ ಕಾಣದಿದ್ದರೆ ಚಿತ್ರದುರ್ಗ. ಕನ್ನಡ ಓದೋರಾದರೆ ತರಾಸು ಊರು ಅಂದರೆ ಸಾಕು.

ತಮಾಷೆ ಏನು ಅಂದರೆ ನಾನು ತಳಕಿನಲ್ಲಿ ಹುಟ್ಟಿಲ್ಲ. ಹುಟ್ಟಿದ್ದು ಚಳ್ಳಕೆರೆಯ ಆಸ್ಪತ್ರೆಯಲ್ಲಿ. ಅಷ್ಟೇ ಯಾಕೆ, ತರಾಸು ಕೂಡ ತಳಕಿನಲ್ಲಿ ಹುಟ್ಟಿದವರಲ್ಲ, 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದವರು. ಆದರೂ ಹೆಸರಿನ ಮೊದಲ ಅಕ್ಷರ ತಳಕಿನದು. ಅಂದರೆ ನಾವು ದಿನಾ ಬಳಸೋ ಈ ‘ನೇಟಿವ್’ ಅನ್ನೋದು ಹುಟ್ಟಿದ ಜಾಗ ಅಲ್ಲ. ಅಪ್ಪ ಅಮ್ಮ ಬೇರು ಬಿಟ್ಟ ಜಾಗ.

ಈ ಸಣ್ಣ ವ್ಯತ್ಯಾಸದ ಹಿಂದೆ ಇಷ್ಟು ದೊಡ್ಡ ಕಥೆ ಇದೆ ಅಂತ ನನಗೆ ಗೊತ್ತಾಗಿದ್ದು 2025ರ ಜನವರಿ 21ರಂದು. ಸಂಕ್ರಾಂತಿಗೆ ಊರಿಗೆ ಹೋದವನು ವರ್ಕ್ ಫ್ರಮ್ ಹೋಮ್ ಅಂತ ಅಲ್ಲೇ ಉಳಿದಿದ್ದೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಸ್ಟ್ಯಾಂಡಪ್ ಮೀಟಿಂಗಿಗೆ ಲಾಗಿನ್ ಆಗ್ತಿದ್ದಾಗ ನ್ಯೂಜೆರ್ಸಿಯಿಂದ ಅಕ್ಕನ ಫೋನ್. ಅಲ್ಲಿ ರಾತ್ರಿ. ಅಳ್ತಾ ಇದ್ದಳು.

ಅವಳೂ ಭಾವನೂ ಇಬ್ಬರೂ ಎಚ್-1ಬಿ ವೀಸಾದವರು. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ವರ್ಷಗಳಾಗಿವೆ. ಅವಳಿಗೆ ಆಗ ನಾಲ್ಕು ತಿಂಗಳು. ಅಮೆರಿಕದ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನವೇ, ಜನವರಿ 20ರಂದು, ಒಂದು ಆದೇಶಕ್ಕೆ ಸಹಿ ಹಾಕಿದ್ದರು. ತಂದೆ ತಾಯಿ ಇಬ್ಬರಲ್ಲಿ ಒಬ್ಬರೂ ಅಮೆರಿಕದ ನಾಗರಿಕರೋ ಗ್ರೀನ್ ಕಾರ್ಡ್‌ನವರೋ ಅಲ್ಲದಿದ್ದರೆ, ತಾಯಿ ತಾತ್ಕಾಲಿಕ ವೀಸಾದಲ್ಲಿ ಇದ್ದರೆ, ಅಲ್ಲೇ ಹುಟ್ಟಿದ ಮಗುವಿಗೂ ಅಮೆರಿಕದ ಪೌರತ್ವ ಇಲ್ಲ. ಮೂವತ್ತು ದಿನ ಕಳೆದ ಮೇಲೆ ಹುಟ್ಟುವ ಮಕ್ಕಳಿಗೆ ಅನ್ವಯ. ಅಕ್ಕನ ಡ್ಯೂ ಡೇಟ್ ಜೂನ್.

ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಅಜ್ಜಿ ಅವರೆಕಾಯಿ ಸುಲೀತಿದ್ದಳು. ತೊಂಬತ್ತೊಂದು ವರ್ಷ, ಕಿವಿ ಮಾತ್ರ ಚುರುಕು.

“ಅಲ್ಲೇ ಹುಟ್ಟಿದ ಕೂಸು ಅಲ್ಲೀದಲ್ಲ ಅಂದ್ರೆ ಹೆಂಗಪ್ಪಾ?” ಅಂದಳು. ಆಮೇಲೆ ಕಾಯಿ ಸುಲಿಯೋದು ನಿಲ್ಲಿಸದೆ, “ನಂದೂ ನಿಮ್ಮಜ್ಜಂದೂ ಒಂದೇ ಸರ್ಕಾರ ಆಗಿರ್ಲಿಲ್ಲ ಕಣೋ. ನಾನು ಬ್ರಿಟಿಷ್ನೋರ ಕಡೇಳು. ಅವ್ರು ಮಹಾರಾಜ್ರ ಕಡೆ” ಅಂದಳು.

ಅಜ್ಜಿ ಹುಟ್ಟಿದ್ದು 1934ರಲ್ಲಿ, ರಾಯದುರ್ಗದ ಹತ್ತಿರದ ಹಳ್ಳಿಯಲ್ಲಿ. ಅಜ್ಜ 1930ರಲ್ಲಿ, ತಳಕಿನಲ್ಲಿ. ಮಳೆ ಒಂದೇ, ಶೇಂಗಾ ಒಂದೇ, ಎರಡೂ ಕಡೆ ಕನ್ನಡ, ತೆಲುಗು ಎರಡೂ ಬರೋ ಜನ. ಆ ದಿನ ಮಧ್ಯಾಹ್ನ ಅಜ್ಜಿಯ ಟ್ರಂಕ್ ತೆಗೆಸಿದೆ. ಅಡಿಯಲ್ಲಿ ಎರಡು ಹಳೇ ಜಮೀನು ಪತ್ರ ಇದ್ದವು. ತಳಕಿನ ಪತ್ರದ ಛಾಪಾ ಕಾಗದದಲ್ಲಿ ಗಂಡಭೇರುಂಡ. ಅಜ್ಜಿಯ ಅಪ್ಪನ ಪತ್ರದಲ್ಲಿ ಕಿರೀಟ ಹಾಕಿದ ಜಾರ್ಜ್ ದೊರೆಯ ತಲೆ. ಒಂದೇ ಟ್ರಂಕಿನಲ್ಲಿ ಎರಡು ಸರ್ಕಾರ.

ಈ ಗಡಿ ಬಂದಿದ್ದು ಟಿಪ್ಪು ಸತ್ತ ಮೇಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ರಾಜ್ಯವನ್ನು ಹಂಚಿಕೊಂಡರು. ಚಿತ್ರದುರ್ಗ ಸೀಮೆ ಒಡೆಯರ ಮೈಸೂರಿಗೆ ಬಂತು. ಬಳ್ಳಾರಿ, ರಾಯದುರ್ಗದ ಕಡೆ ನಿಜಾಮನ ಕೈ ಸೇರಿ, ಅವನು 1800ರಲ್ಲಿ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಅಂತ ಹಿರಿಯರು ಹೇಳೋದು ಅದನ್ನೇ. ಮ್ಯಾಪ್ ನೋಡಿದರೆ ಮೊಳಕಾಲ್ಮೂರು ತಾಲ್ಲೂಕು ಬೆರಳಿನ ಹಾಗೆ ಮೇಲಕ್ಕೆ ಚಾಚಿಕೊಂಡಿರೋದು ಕಾಣುತ್ತೆ. ಆ ಬೆರಳಿನ ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ರಾಯದುರ್ಗ. ಬೆರಳು ಮೈಸೂರು, ಸುತ್ತ ಮದ್ರಾಸ್ ಪ್ರಾಂತ್ಯ.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು ‘ಬ್ರಿಟಿಷರು ಭಾರತವನ್ನು ಆಳಿದರು’ ಅಂತ ಒಂದೇ ವಾಕ್ಯ. ಬ್ರಿಟಿಷರ ಸ್ವಂತ ಕಾನೂನು ಅಷ್ಟು ಸಲೀಸಾಗಿರಲಿಲ್ಲ. 1889ರ ಅವರ ಒಂದು ಕಾಯ್ದೆಯಲ್ಲಿ ‘ಬ್ರಿಟಿಷ್ ಇಂಡಿಯಾ’ ಬೇರೆ, ‘ಇಂಡಿಯಾ’ ಬೇರೆ. ರಾಣಿಯ ಸ್ವಂತ ಆಳ್ವಿಕೆಯ ನೆಲ ಮೊದಲನೆಯದು. ಅದರ ಜೊತೆ ದೇಶೀ ರಾಜರ ಸೀಮೆಗಳನ್ನೂ ಸೇರಿಸಿದರೆ ಎರಡನೆಯದು. ಮೈಸೂರು ‘ಇಂಡಿಯಾ’ದಲ್ಲಿತ್ತು, ‘ಬ್ರಿಟಿಷ್ ಇಂಡಿಯಾ’ದಲ್ಲಿ ಇರಲಿಲ್ಲ.

ಹಾಗಾಗಿ 1914ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆಯ ಪ್ರಕಾರ ದೊರೆಯ ನೆಲದಲ್ಲಿ, ದೊರೆಯ ನಿಷ್ಠೆಯೊಳಗೆ ಹುಟ್ಟಿದ ನಮ್ಮ ಅಜ್ಜಿ ‘ನ್ಯಾಚುರಲ್ ಬಾರ್ನ್ ಬ್ರಿಟಿಷ್ ಸಬ್ಜೆಕ್ಟ್’. ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ, ಕಾಗದದ ಮೇಲೆ ಲಂಡನ್ನಿನಲ್ಲಿ ಹುಟ್ಟಿದವರ ಸಮ. ನಮ್ಮ ಅಜ್ಜ ಅದಲ್ಲ. ಅವರು ಮೈಸೂರು ಮಹಾರಾಜರ ಪ್ರಜೆ. ಹಡಗು ಹತ್ತಿ ಹೊರದೇಶಕ್ಕೆ ಹೋಗಿದ್ದರೆ ಅವರ ಪಾಸ್‌ಪೋರ್ಟಿನಲ್ಲಿ ‘ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ’ ಅಂತ ಬರೀತಿದ್ದರು. ಬ್ರಿಟಿಷರ ಛತ್ರಿ ಕೆಳಗೆ ನಿಂತವನು ಹೌದು, ಬ್ರಿಟಿಷ್ ಪ್ರಜೆ ಅಲ್ಲ.

ಅಜ್ಜಿಗೆ ಇದನ್ನ ಹೇಳಿದಾಗ ಮುಖ ಅರಳಿತು. “ನೋಡ್ದಾ, ನಾನೇ ಮೇಲು” ಅಂದಳು. ಅಜ್ಜ ಹೋಗಿ ಒಂಬತ್ತು ವರ್ಷವಾದರೂ ಅವರಿಬ್ಬರ ಪಂದ್ಯ ಮುಗಿದಿಲ್ಲ.

ಇದರಿಂದ ದಿನನಿತ್ಯ ಏನು ವ್ಯತ್ಯಾಸ ಆಗ್ತಿತ್ತು? ಹೊಲ ಉಳೋರಿಗೆ ಹೆಚ್ಚೇನೂ ಇಲ್ಲ. ರೂಪಾಯಿ ಒಂದೇ. ಮೈಸೂರಿನ ಅಂಚೆ ಇಲಾಖೆ 1889ರಲ್ಲೇ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಗಿತ್ತು, ಹಾಗಾಗಿ ಕಾಗದಕ್ಕೆ ಹಚ್ಚೋ ಸ್ಟ್ಯಾಂಪೂ ಒಂದೇ. ಬೀಗರ ಮನೆಗೆ ಹೋಗೋಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಕಳ್ಳನೊಬ್ಬ ಈ ಕಡೆ ಕದ್ದು ಆ ಕಡೆ ಸೇರಿದರೆ, ಅವನನ್ನು ಒಪ್ಪಿಸಿಕೊಳ್ಳೋದಕ್ಕೆ 1903ರ ಹಸ್ತಾಂತರ ಕಾಯ್ದೆ ಬೇಕಿತ್ತು. ನೌಕರಿಯಲ್ಲೂ ಇತ್ತು ಸೂಕ್ಷ್ಮ. ಮೈಸೂರಿನಂಥ ಸಂಸ್ಥಾನದ ಪ್ರಜೆಗಳನ್ನು ಬ್ರಿಟಿಷ್ ಸರ್ಕಾರದ ಹುದ್ದೆಗಳಿಗೆ ಅರ್ಹರೆಂದು ಘೋಷಿಸುವ ಅಧಿಕಾರ ಕೊಡೋದಕ್ಕೆ 1916ರಲ್ಲಿ ಕಾಯ್ದೆಯನ್ನೇ ತಿದ್ದಬೇಕಾಯ್ತು. ಮುಂಬೈಯಲ್ಲಿ ಹುಟ್ಟಿದ ಮಂಚೆರ್ಜಿ ಭಾವನಗ್ರಿ 1895ರಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್ ಕಡೆಯಿಂದ ಬ್ರಿಟಿಷ್ ಪಾರ್ಲಿಮೆಂಟಿಗೆ ಗೆದ್ದರು. ಬಳ್ಳಾರಿಯವರೊಬ್ಬರು ಕಾನೂನಿನ ಮಟ್ಟಿಗೆ ಅದೇ ಸ್ಪರ್ಧೆಗೆ ನಿಲ್ಲಬಹುದಿತ್ತು. ತಳಕಿನವರು ನಿಲ್ಲೋ ಹಾಗಿರಲಿಲ್ಲ.

ಅಜ್ಜಿಯ ಆ ‘ಮೇಲು’ ಎಷ್ಟು ಬೆಲೆ ಬಾಳ್ತಿತ್ತು ಅಂತಾನೂ ಹೇಳಬೇಕು. 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಅನ್ನೋ ಹಡಗು 376 ಜನರನ್ನು ಹೊತ್ತು ಕೆನಡಾದ ವ್ಯಾಂಕೂವರ್ ತಲುಪಿತು. ಹೆಚ್ಚಿನವರು ಪಂಜಾಬಿನವರು, ಬ್ರಿಟಿಷ್ ಪ್ರಜೆಗಳು. ಕೆನಡಾ ಕೂಡ ಅದೇ ದೊರೆಯ ನೆಲ. ಆದರೂ ಬಹುಪಾಲು ಜನರನ್ನು ಇಳಿಯಲೇ ಬಿಡದೆ ಎರಡು ತಿಂಗಳು ಕಾಯಿಸಿ, ಜುಲೈ 23ರಂದು ಹಡಗನ್ನು ಹಿಂದಕ್ಕೆ ಅಟ್ಟಿದರು. ಇದಾಗಿ ಹದಿನೈದು ದಿನಕ್ಕೆ ಲಂಡನ್ನಿನಲ್ಲಿ ಆ 1914ರ ಕಾಯ್ದೆಗೆ ಒಪ್ಪಿಗೆ ಸಿಕ್ಕಿತು, ದೊರೆಯ ನೆಲದಲ್ಲಿ ಹುಟ್ಟಿದವರೆಲ್ಲ ಹುಟ್ಟು ಪ್ರಜೆಗಳೇ ಅಂತ!

ಇಷ್ಟು ಓದುತ್ತಾ ಹೋದಾಗ ನನಗೆ ಸಿಕ್ಕ ಒಂದು ಸಾಲು ಇದೆ. ಆ ದಿನ ಕೋಡ್ ರಿವ್ಯೂ ಬಿಟ್ಟು ಅದನ್ನೇ ನಾಲ್ಕು ಸಲ ಓದಿದೆ. 1870ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಭಾರತೀಯರಿಗೆ ಕೆಲವು ದೊಡ್ಡ ಹುದ್ದೆ ಕೊಡಬೇಕು ಅಂತ ಒಂದು ಕಾಯ್ದೆ ಮಾಡಿತು. ಹಾಗಾದರೆ ಭಾರತದ ‘ನೇಟಿವ್’ ಅಂದರೆ ಯಾರು? ಅದಕ್ಕೆ ವ್ಯಾಖ್ಯೆ ಬರೆದರು. ದೊರೆಸಾನಿಯ ಭಾರತದ ನೆಲದಲ್ಲಿ ಹುಟ್ಟಿ, ಅಲ್ಲೇ ನೆಲೆಸಿರಬೇಕು. ಜೊತೆಗೆ ತಂದೆ ತಾಯಿ ಇಲ್ಲಿನ ಕಾಯಂ ವಾಸಿಗಳಾಗಿರಬೇಕು, ಬರೀ ತಾತ್ಕಾಲಿಕ ಕೆಲಸಕ್ಕೆ ಬಂದು ನೆಲೆಸಿದವರಾಗಿರಬಾರದು.

ಅಂದರೆ ಬಳ್ಳಾರಿಯ ಕಲೆಕ್ಟರ್ ದೊರೆಯ ಮಗು ಬಳ್ಳಾರಿಯಲ್ಲೇ ಹುಟ್ಟಿದರೆ ಅದು ಹುಟ್ಟು ಪ್ರಜೆ ಹೌದು, ನೇಟಿವ್ ಅಲ್ಲ. ಅಪ್ಪ ನೌಕರಿಗೆ ಬಂದವನು, ನಾಳೆ ಹೋಗೋನು. ನಮ್ಮ ಅಜ್ಜಿ ಹುಟ್ಟು ಪ್ರಜೆಯೂ ಹೌದು, ನೇಟಿವ್ವೂ ಹೌದು. ತಳಕಿನ ಅಜ್ಜ ಆ ವ್ಯಾಖ್ಯೆಯಲ್ಲಿ ಎರಡೂ ಅಲ್ಲ. ತಲೆತಲಾಂತರದಿಂದ ಇದೇ ಮಣ್ಣಿನಲ್ಲಿ ಇದ್ದವರು!

ಹುಟ್ಟು ಪ್ರಜೆ ಆಗೋಕೆ ನೆಲ ಸಾಕು. ನೇಟಿವ್ ಆಗೋಕೆ ಅಪ್ಪ ಅಮ್ಮನ ಬೇರೂ ಬೇಕು. ಈಗ ಅಕ್ಕನ ಕಣ್ಣಲ್ಲಿ ನೀರು ತರಿಸಿದ ಆದೇಶವನ್ನ ಇನ್ನೊಮ್ಮೆ ಓದಿ. ತಾತ್ಕಾಲಿಕವಾಗಿ ಬಂದವರ ಮಗುವಿಗೆ ಪೌರತ್ವ ಇಲ್ಲ ಅನ್ನೋದು ಹೊಸ ವಿಚಾರ ಅಲ್ಲ. ಮೊದಲನೇ ಅಳತೆಗೋಲು ತೆಗೆದು ಎರಡನೇದು ಇಡೋ ಪ್ರಯತ್ನ.

ಮೊದಲನೇ ಅಳತೆಗೋಲು ಹುಟ್ಟಿದ್ದಾದರೂ ಹೇಗೆ? ಅದಕ್ಕೆ ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಬೇಕು. ಸ್ಕಾಟ್ಲೆಂಡಿನ ರಾಜ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಗದ್ದುಗೆಗೂ ಬಂದ. ದೇಶ ಎರಡು, ರಾಜ ಒಬ್ಬ. ಆಮೇಲೆ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಕ್ಯಾಲ್ವಿನ್ ಅನ್ನೋ ಪುಟ್ಟ ಮಗುವಿನ ಹೆಸರಲ್ಲಿ ಇಂಗ್ಲೆಂಡಿನ ಒಂದು ಜಮೀನಿಗಾಗಿ ದಾವೆ ಬಿತ್ತು. ಪರದೇಶಿಯಾದರೆ ಜಮೀನು ಇಲ್ಲ. 1608ರಲ್ಲಿ ನ್ಯಾಯಾಧೀಶರು ಹೇಳಿದ್ದು: ಮಗು ಹುಟ್ಟುವಾಗ ಆ ನೆಲ ಯಾವ ರಾಜನ ರಕ್ಷಣೆಯಲ್ಲಿತ್ತೋ ಮಗು ಆ ರಾಜನ ಪ್ರಜೆ. ರಾಜ ಕಾಪಾಡ್ತಾನೆ, ಅದಕ್ಕೆ ಪ್ರತಿಯಾಗಿ ಮಗು ನಿಷ್ಠೆ ಸಲ್ಲಿಸಬೇಕು. ಇದು ಮನುಷ್ಯ ಮಾಡಿದ ಕರಾರಲ್ಲ, ಪ್ರಕೃತಿಯ ನಿಯಮ. ‘ನ್ಯಾಚುರಲ್’ ಅನ್ನೋ ಪದದ ಹಿಂದಿನ ವಿಚಾರ ಇದು.

ಕೇಳೋಕೆ ಚೆನ್ನಾಗಿದೆ, ಆದರೆ ಇದು ಹಗ್ಗವೂ ಹೌದು. ಪ್ರಕೃತಿಯೇ ಕಟ್ಟಿದ ಗಂಟನ್ನು ನೀವು ಬಿಚ್ಚೋ ಹಾಗಿಲ್ಲ. ಅಮೆರಿಕ ಸ್ವತಂತ್ರವಾದ ಮೇಲೂ ಬ್ರಿಟಿಷ್ ನೌಕಾಪಡೆಯವರು ಅಮೆರಿಕದ ಹಡಗು ಹತ್ತಿ, ನೀನು ಹುಟ್ಟಿದ್ದು ನಮ್ಮಲ್ಲಿ, ಈಗಲೂ ನಮ್ಮ ದೊರೆಯ ಪ್ರಜೆ ಅಂತ ನಾವಿಕರನ್ನು ಎಳೆದೊಯ್ಯುತ್ತಿದ್ದರು. 1812ರ ಯುದ್ಧಕ್ಕೆ ಅದೂ ಒಂದು ಕಾರಣ. ಹುಟ್ಟಿನ ನಿಷ್ಠೆಯನ್ನು ಬಿಟ್ಟುಕೊಡೋಕೆ ಬ್ರಿಟಿಷ್ ಕಾನೂನು ಅವಕಾಶ ಕೊಟ್ಟಿದ್ದು 1870ರಲ್ಲಿ.

ಅಮೆರಿಕದವರು ರಾಜನನ್ನು ಬಿಟ್ಟರು, ರಾಜನ ಪದವನ್ನು ಬಿಡಲಿಲ್ಲ. ತಮ್ಮ ಅಧ್ಯಕ್ಷ ‘ನ್ಯಾಚುರಲ್ ಬಾರ್ನ್ ಸಿಟಿಜನ್’ ಆಗಿರಬೇಕು ಅಂತ 1787ರ ಸಂವಿಧಾನದಲ್ಲಿ ಬರೆದರು. ಸಬ್ಜೆಕ್ಟ್ ಹೋಗಿ ಸಿಟಿಜನ್ ಬಂತು. ಗುಲಾಮಗಿರಿ ಹೋದ ಮೇಲೆ, ಕರಿಯ ಜನರ ಪೌರತ್ವವನ್ನು ಇನ್ಯಾರೂ ಕಿತ್ತುಕೊಳ್ಳಬಾರದು ಅಂತ 1868ರ ಹದಿನಾಲ್ಕನೇ ತಿದ್ದುಪಡಿಯಲ್ಲಿ, ಇಲ್ಲಿ ಹುಟ್ಟಿ ಇಲ್ಲಿನ ಕಾನೂನಿಗೆ ಒಳಪಟ್ಟವರೆಲ್ಲ ನಾಗರಿಕರು ಅಂತ ಸೇರಿಸಿದರು. 1898ರಲ್ಲಿ ವಾಂಗ್ ಕಿಮ್ ಆರ್ಕ್ ಅನ್ನೋನ ಮೊಕದ್ದಮೆ. ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅಪ್ಪ ಅಮ್ಮ ಚೀನಾ ಚಕ್ರವರ್ತಿಯ ಪ್ರಜೆಗಳು. ಚೀನಾಕ್ಕೆ ಹೋಗಿ ಬಂದವನನ್ನು ಬಂದರಿನಲ್ಲೇ ತಡೆದರು. ಸುಪ್ರೀಂ ಕೋರ್ಟು ಅವನ ಪರ ತೀರ್ಪು ಕೊಡುವಾಗ ಮುಂದಿಟ್ಟ ಹಳೇ ಕೇಸುಗಳಲ್ಲಿ ಆ ಸ್ಕಾಟಿಷ್ ಮಗುವಿನದೂ ಒಂದು. ರಾಜ ತನ್ನ ಪ್ರಜೆ ಓಡಿಹೋಗದಿರಲಿ ಅಂತ ಹೆಣೆದ ಹಗ್ಗವನ್ನೇ ಹಿಡಿದು ಬಟ್ಟೆ ಒಗೆಯೋರ, ರೈಲು ಹಳಿ ಹಾಕೋರ ಮಕ್ಕಳು ದಡ ಸೇರಿದರು. ಈ ತಿರುವು ನನಗೆ ಬಹಳ ಇಷ್ಟ ಆಯ್ತು.

ನಮ್ಮ ಕನ್ನಡದಲ್ಲಿ ಇನ್ನೊಂದು ಮಜಾ ಇದೆ. ಸಬ್ಜೆಕ್ಟ್‌ಗೂ ಪ್ರಜೆ, ಸಿಟಿಜನ್‌ಗೂ ಪ್ರಜೆ. ಮಹಾರಾಜರ ಪ್ರಜೆ, ಭಾರತದ ಪ್ರಜೆ. ಸಂಸ್ಕೃತದಲ್ಲಿ ಮೂಲ ಅರ್ಥ ಸಂತಾನ, ಅಂದರೆ ಹುಟ್ಟಿ ಬಂದದ್ದು. ರಾಜ ತಂದೆ, ನಾವು ಮಕ್ಕಳು. ಮೈಸೂರಿನಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು. ಆ ಕಾಲಕ್ಕೆ ದೊಡ್ಡ ಮಾತು, ಒಪ್ಪಬೇಕು. ಆದರೆ ಆ ಸಭೆ ಅಹವಾಲು ಹೇಳಬಹುದಿತ್ತು, ಕಾನೂನು ಮಾಡೋ ಹಾಗಿರಲಿಲ್ಲ. ಒಳ್ಳೇ ತಂದೆ ಮಕ್ಕಳ ಮಾತು ಕೇಳ್ತಾನೆ, ತೀರ್ಮಾನ ತಾನೇ ಮಾಡ್ತಾನೆ.

ಅದಕ್ಕೇ 1947ರ ಆಗಸ್ಟ್ 15ಕ್ಕೆ ನಮ್ಮ ಕಡೆ ಕೆಲಸ ಮುಗಿದಿರಲಿಲ್ಲ. ಬಳ್ಳಾರಿಯಲ್ಲಿ ಬ್ರಿಟಿಷರ ಬಾವುಟ ಇಳಿಯಿತು. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ನಡೆಸಬೇಕಾಯ್ತು. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಅಷ್ಟಾದರೂ ಭಾರತೀಯ ಪೌರ ಅನ್ನೋ ಪ್ರಾಣಿ ಕಾನೂನಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು 1949ರ ನವೆಂಬರ್ 26ರಂದು. ಸಂವಿಧಾನ ಪೂರ್ತಿ ಜಾರಿಯಾಗಿದ್ದು ಮುಂದಿನ ಜನವರಿ 26ಕ್ಕೆ. ಆದರೆ ಪೌರತ್ವದ 5ರಿಂದ 9ರವರೆಗಿನ ವಿಧಿಗಳು ಅಂಗೀಕಾರದ ದಿನವೇ ಜಾರಿಗೆ ಬಂದವು. ಐದನೇ ವಿಧಿ ಕೇಳಿದ್ದು ಇಷ್ಟೇ: ಇಲ್ಲಿ ನೆಲೆಸಿದ್ದೀಯಾ? ಜೊತೆಗೆ, ನೀನು ಈ ನೆಲದಲ್ಲಿ ಹುಟ್ಟಿದ್ದೀಯಾ, ಅಥವಾ ಅಪ್ಪ ಅಮ್ಮರಲ್ಲಿ ಒಬ್ಬರು ಹುಟ್ಟಿದ್ದಾರಾ, ಅಥವಾ ಐದು ವರ್ಷದಿಂದ ಇಲ್ಲಿ ವಾಸವಿದ್ದೀಯಾ? ಮೂರರಲ್ಲಿ ಒಂದಿದ್ದರೆ ಸಾಕು. ನೀನು ಹುಟ್ಟಿದಾಗ ಈ ನೆಲ ಯಾವ ರಾಜನದಾಗಿತ್ತು ಅಂತ ಕೇಳಲಿಲ್ಲ. ದೇಶ ಒಡೆದ ಕಡೆ 6, 7ನೇ ವಿಧಿಗಳಲ್ಲಿ ಬೇರೆ ಕಠಿಣ ಕಥೆ ಇದೆ, ಅದನ್ನು ಇಲ್ಲಿ ಬಿಡ್ತೀನಿ. ನಮ್ಮ ಈ ಗಡಿಯಲ್ಲಿ ಮಾತ್ರ ಗಂಡಭೇರುಂಡದವರೂ ಜಾರ್ಜ್ ದೊರೆಯವರೂ ಒಂದೇ ದಿನ ಒಂದೇ ಆದರು. ತಳಕಿನ ಹತ್ತೊಂಬತ್ತರ ಹುಡುಗ, ರಾಯದುರ್ಗದ ಹದಿನೈದರ ಹುಡುಗಿ. ಅವರು ಮದುವೆಯಾದದ್ದು 1952ರಲ್ಲಿ. ಮರುವರ್ಷ ಆಂಧ್ರ ರಾಜ್ಯ ಆಗಿ, ಬಳ್ಳಾರಿ ಮೈಸೂರಿಗೆ ಬಂದು, ರಾಯದುರ್ಗ ಆಂಧ್ರಕ್ಕೆ ಹೋಯ್ತು. ಅಜ್ಜಿಯ ತವರು ಮತ್ತೆ ಗಡಿಯಾಚೆ. ಆದರೆ ಈ ಸಲ ರಾಜ್ಯ ಮಾತ್ರ ಬೇರೆ, ಪೌರತ್ವ ಬೇರೆ ಅಲ್ಲ.

ಸಂವಿಧಾನ ಸಭೆಯಲ್ಲಿ 1947ರ ಏಪ್ರಿಲ್‌ನಲ್ಲಿ ಈ ವಿಷಯ ಬಂದಾಗ ಸರ್ದಾರ್ ಪಟೇಲರು, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಭಾರತೀಯರಿಗೆ ಅಲ್ಲಿನ ರಾಷ್ಟ್ರೀಯತೆ ಕೇಳುವ ನಾವು ಇಲ್ಲಿ ಸಂಕುಚಿತವಾಗಿ ಯೋಚಿಸೋದು ಸರಿಯಲ್ಲ ಅನ್ನೋ ಅರ್ಥದ ಮಾತು ಆಡಿದ್ದರು. 1955ರ ಪೌರತ್ವ ಕಾಯ್ದೆಯೂ ಹಾಗೇ ಇತ್ತು. ಇಲ್ಲಿ ಹುಟ್ಟಿದರೆ ಸಾಕು. 1962ರಲ್ಲಿ ಹುಟ್ಟಿದ ನಮ್ಮಪ್ಪ ಭಾರತೀಯರಾದದ್ದು ಬರೀ ನೆಲದಿಂದ. ನಾನು 1995ರವನು. ನನ್ನ ವಿಷಯದಲ್ಲಿ ನೆಲ ಸಾಲದು. ಯಾಕಂದ್ರೆ 1987ರ ಜುಲೈ 1ರಿಂದ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಅಂತ ಷರತ್ತು ಬಂತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಅಂತ ಇನ್ನೊಂದು. ನನ್ನ ಭಾಷೆಯಲ್ಲಿ ಹೇಳೋದಾದರೆ ಪ್ರತಿ ರಿಲೀಸಿಗೂ ಒಂದೊಂದು ಇಫ್ ಕಂಡಿಷನ್ ಸೇರ್ತಾ ಬಂದಿದೆ. ಹುಟ್ಟು ಪ್ರಜೆಯಿಂದ ನೇಟಿವ್ ಕಡೆಗೆ ನಾವೂ ನಡೆದಿದ್ದೀವಿ.

ಇದನ್ನ ಒಪ್ಪಿಕೊಳ್ಳೋದು ನನಗೆ ಕಷ್ಟ ಆಯ್ತು. ಅಮೆರಿಕದ ಮೇಲೆ ಸಿಟ್ಟು ಮಾಡ್ಕೊಂಡು ಇಡೀ ವಾರ ವಾಟ್ಸಾಪ್ ಗ್ರೂಪಿನಲ್ಲಿ ಬರೆದವನು ನಾನು. ನಮ್ಮ ಟೀಮಿನಲ್ಲೇ ಹೊರದೇಶದಿಂದ ಉದ್ಯೋಗ ವೀಸಾದಲ್ಲಿ ಬಂದ ಒಬ್ಬರಿದ್ದಾರೆ. ಗಂಡ ಹೆಂಡತಿ ಇಬ್ಬರೂ ಕೆಲಸ ಮಾಡ್ತಾರೆ, ತೆರಿಗೆ ಕಟ್ಟುತ್ತಾರೆ. ಹೋದ ವರ್ಷ ಅವರಿಗೆ ಬೆಂಗಳೂರಲ್ಲಿ ಮಗು ಆಯ್ತು. ನಾವೆಲ್ಲ ಸೇರಿ ತೊಟ್ಟಿಲು ಕೊಟ್ಟೆವು. ಆ ಮಗು ಭಾರತೀಯ ಅಲ್ಲ ಅನ್ನೋದು ನನ್ನ ತಲೆಗೆ ಹೊಳೆದೂ ಇರಲಿಲ್ಲ. ಅಕ್ಕನ ಸ್ಥಿತಿಯೇ ಅದು, ದೇಶ ಅದಲು ಬದಲು ಅಷ್ಟೇ.

ಅಕ್ಕನ ಕಥೆ ಸದ್ಯಕ್ಕೆ ಸುಖಾಂತ. ಆದೇಶ ಬಂದ ಮೂರೇ ದಿನಕ್ಕೆ ಸಿಯಾಟಲ್‌ನ ಒಬ್ಬ ನ್ಯಾಯಾಧೀಶರು ತಡೆ ಕೊಟ್ಟರು. ನ್ಯೂಜೆರ್ಸಿ ರಾಜ್ಯವೂ ಬೇರೆ ರಾಜ್ಯಗಳ ಜೊತೆ ಕೋರ್ಟಿಗೆ ಹೋಗಿ ತಡೆ ತಂದಿತು. ಮೊಕದ್ದಮೆ ಆಗಿನ್ನೂ ಮುಗಿದಿರಲಿಲ್ಲ. ಜೂನ್‌ನಲ್ಲಿ ಹೆಣ್ಣು ಮಗು ಹುಟ್ಟಿತು, ಜನನ ಪತ್ರ ಬಂತು, ಹೋದ ತಿಂಗಳು ನೀಲಿ ಪಾಸ್‌ಪೋರ್ಟೂ ಬಂತು. ವಾಂಗ್ ಕಿಮ್ ಆರ್ಕ್ ಹೆಸರನ್ನ ಭಾವ ಈಗ ನಮ್ಮ ಮನೆ ದೇವರ ಹಾಗೆ ಹೇಳ್ತಾನೆ.

ಡಿಸೆಂಬರಿನಲ್ಲಿ ಮಗುವನ್ನ ಊರಿಗೆ ಕರ್ಕೊಂಡು ಬರ್ತಾರಂತೆ. ಅಜ್ಜಿ ನಾಯಕನಹಟ್ಟಿಯಲ್ಲಿ ಜವಳ ತೆಗೆಸಬೇಕು ಅಂತ ಈಗಲೇ ದಿನ ಕೇಳಿಸಿಟ್ಟಿದ್ದಾಳೆ. ಮೊನ್ನೆ ಅಕ್ಕನಿಗೆ ಫೋನಿನಲ್ಲಿ ಒಸಿಐ ಫಾರಂ ತುಂಬಿಸೋಕೆ ಸಹಾಯ ಮಾಡ್ತಿದ್ದೆ. ಅಷ್ಟರೊಳಗೆ ಕಾರ್ಡ್ ಬರದಿದ್ದರೆ ಮಗುವಿಗೆ ತಳಕಿಗೆ ಬರೋದಕ್ಕೆ ವೀಸಾ ಹಾಕಬೇಕು. ಇದನ್ನ ಅಜ್ಜಿಗೆ ನಾನಿನ್ನೂ ಹೇಳಿಲ್ಲ.